ಪಪೆಟ್ ಇನ್‌ಸ್ಟಾಲ್ ಆಗಿದೆ, ಏಜೆಂಟ್ ಮಾತ್ರ ಸೇರ್ತಿಲ್ಲ ಅಂದವರಿಗೆ

ನಮಸ್ಕಾರ. ನಿಮ್ಮ ಪೋಸ್ಟ್ ನಿನ್ನೆ ರಾತ್ರಿನೇ ನೋಡಿದೆ. ಎರಡು ಸಾಲಲ್ಲಿ ಮುಗಿಯುವ ವಿಷಯ ಅಲ್ಲ, ಅದಕ್ಕೇ ಈಗ ಕೂತು ಬರೆಯುತ್ತಿದ್ದೇನೆ. ನೀವು ಕೇಳಿದ್ದು ಇಷ್ಟು: ರೆಡ್ ಹ್ಯಾಟ್ 8 ಮತ್ತು 9 ಸೇರಿ ಸುಮಾರು 40 ಸರ್ವರ್ ಇವೆ. ಸರ್ವರ್‌ಗಳ ಸೆಟ್ಟಿಂಗನ್ನೆಲ್ಲ ಒಂದೇ ಕಡೆಯಿಂದ ನೋಡಿಕೊಳ್ಳುವ ಪಪೆಟ್‌ನ ಪ್ಯಾಕೇಜ್ ಎಲ್ಲ ಕಡೆ ಸಲೀಸಾಗಿ ಕೂತಿದೆ. ಆದರೆ ಕೆಲವು ಏಜೆಂಟ್‌ಗಳು (ಪ್ರತಿ ಮೆಷಿನ್‌ನಲ್ಲಿ ಓಡುವ ಪಪೆಟ್‌ನ ಭಾಗ) ಮುಖ್ಯ ಸರ್ವರ್‌ಗೆ ಸೇರುತ್ತಿಲ್ಲ, ಮತ್ತೆ ಓಎಸ್ ಹಾಕಿದ ಒಂದು ಮೆಷಿನ್ ಸರ್ಟಿಫಿಕೇಟ್ (ಮೆಷಿನ್‌ನ ಡಿಜಿಟಲ್ ಗುರುತುಪತ್ರ) ಎರರ್ ಕೊಡುತ್ತಿದೆ. ಇದನ್ನೆಲ್ಲ ಬಿಟ್ಟು ಇದೇ ಕೆಲಸದ ಇನ್ನೊಂದು ಸಾಧನವಾದ ಆನ್ಸಿಬಲ್‌ಗೆ ಹೋಗಿಬಿಡಲಾ ಅಂತ ಕೇಳಿದ್ದೀರಿ.

ಈ ಒಂದು ಕಾರಣಕ್ಕೆ ಹೋಗಬೇಡಿ. ಪ್ಯಾಕೇಜ್ ಹಾಕುವುದು ಐದು ನಿಮಿಷದ ಕೆಲಸ, ಅದರಲ್ಲಿ ನೀವು ಏನೂ ತಪ್ಪು ಮಾಡಿಲ್ಲ. ತೊಡಕು ಇರೋದು ಅದಕ್ಕೂ ಮೊದಲಿನ ಮೂರು ವಿಷಯದಲ್ಲಿ: ಮೆಷಿನ್‌ನ ಹೆಸರು, ಗಡಿಯಾರ, ಮತ್ತು ಪೋರ್ಟ್. ಏಜೆಂಟ್ ಮತ್ತು ಸರ್ವರ್ ಎರಡೂ ಪರಸ್ಪರ ಸರ್ಟಿಫಿಕೇಟ್ ತೋರಿಸಿಯೇ ಮಾತು ಶುರು ಮಾಡುತ್ತವೆ. ಈ ಮೂರರಲ್ಲಿ ಒಂದು ಕೆಟ್ಟರೂ ಮಾತುಕತೆ ಅಲ್ಲಿಗೇ ನಿಲ್ಲುತ್ತದೆ. (ಕಮಾಂಡ್‌ಗಳನ್ನು ಓದುವ ಹಾಗೆ ಬರೆದಿದ್ದೇನೆ. ಟೈಪ್ ಮಾಡುವಾಗ ಮ್ಯಾನ್ ಪೇಜ್ ಒಮ್ಮೆ ನೋಡಿಕೊಳ್ಳಿ.)

ಮೊದಲು ಹೆಸರು. ಸೇರದೇ ಇರುವ ಮೆಷಿನ್‌ನಲ್ಲಿ ಹೋಸ್ಟ್‌ನೇಮ್ ಹೈಫನ್ ಎಫ್ ಕೊಡಿ. ಡೊಮೇನ್ ಸಮೇತ ಪೂರ್ತಿ ಹೆಸರು ಬರಬೇಕು. ಲೋಕಲ್‌ಹೋಸ್ಟ್ ಅಂತ ಬಂದರೆ ಏಜೆಂಟ್ ಅದೇ ಹೆಸರಲ್ಲಿ ಸರ್ಟಿಫಿಕೇಟ್ ಕೇಳುತ್ತದೆ. ಅಂಥ ಎರಡು ಮೆಷಿನ್ ಇದ್ದರೆ ಒಂದರ ಕೋರಿಕೆಗೆ ಇನ್ನೊಂದು ಅಡ್ಡ ಬರುತ್ತದೆ. ಹಾಗಾಗಿ ಏಜೆಂಟನ್ನು ಮೊದಲ ಸಲ ಓಡಿಸುವ ಮೊದಲೇ ಹೋಸ್ಟ್‌ನೇಮ್‌ಸಿಟಿಎಲ್‌ನಿಂದ ಹೆಸರು ಸರಿ ಮಾಡಿ. ಇನ್ನೊಂದು ಮಾತು, ನೀವು ಏನೂ ಹೇಳದಿದ್ದರೆ ಏಜೆಂಟ್ ಸುಮ್ನೆ 'ಪಪೆಟ್' ಅನ್ನೋ ಹೆಸರಿನ ಸರ್ವರನ್ನೇ ಹುಡುಕುತ್ತದೆ. ನಿಮ್ಮ ಡಿಎನ್‌ಎಸ್‌ನಲ್ಲಿ (ಹೆಸರಿಂದ ವಿಳಾಸ ಹುಡುಕಿಕೊಡುವ ವ್ಯವಸ್ಥೆ) ಆ ಹೆಸರು ಇಲ್ಲದಿದ್ದರೆ ಪಪೆಟ್ ಕಾನ್ಫಿಗ್ ಸೆಟ್ ಸರ್ವರ್ ಅಂತ ಕೊಟ್ಟು ನಿಜವಾದ ಹೆಸರು ಬರೆಯಿರಿ. ಏಜೆಂಟ್ ಯಾವ ಹೆಸರಿನಿಂದ ಕರೆಯುತ್ತದೋ ಆ ಹೆಸರು ಸರ್ವರ್‌ನ ಸರ್ಟಿಫಿಕೇಟ್ ಒಳಗೂ ಇರಬೇಕು. ಬೇರೆ ಹೆಸರು ಬೇಕಿದ್ದರೆ ಡಿಎನ್‌ಎಸ್ ಆಲ್ಟ್ ನೇಮ್ಸ್ ಸೆಟ್ಟಿಂಗನ್ನು ಪಪೆಟ್ ಸರ್ವರ್ ಮೊದಲ ಸಲ ಸ್ಟಾರ್ಟ್ ಆಗುವ ಮುಂಚೆ ಹಾಕಬೇಕು. ಆಮೇಲೆ ಹಾಕಿದರೆ ಸರ್ವರ್‌ನ ಸರ್ಟಿಫಿಕೇಟನ್ನೇ ಮತ್ತೆ ಮಾಡಬೇಕಾಗುತ್ತದೆ.

ಗಡಿಯಾರ ನೋಡಲು ಕ್ರೋನಿಸಿ ಟ್ರ್ಯಾಕಿಂಗ್ ಅನ್ನೋ ಕಮಾಂಡ್ ಸಾಕು. ಕೊನೆಯ ಸಾಲಲ್ಲಿ ಲೀಪ್ ಸ್ಟೇಟಸ್ ನಾರ್ಮಲ್ ಅಂತಿದ್ದರೆ ಮುಂದೆ ಹೋಗಿ. ಎರಡು ನಿಮಿಷ ಹಿಂದೆ ಮುಂದೆ ಇದ್ದರೆ ಏನೂ ಆಗಲ್ಲ, ಯಾಕಂದ್ರೆ ಪಪೆಟ್ ತಾನು ಕೊಡುವ ಸರ್ಟಿಫಿಕೇಟ್‌ಗೆ ಒಂದು ದಿನ ಹಿಂದಿನ ದಿನಾಂಕ ಹಾಕಿಯೇ ಕೊಡುತ್ತದೆ. ಹಳೇ ಸ್ನ್ಯಾಪ್‌ಶಾಟ್‌ನಿಂದ ಎಬ್ಬಿಸಿದ ವಿಎಂ (ವರ್ಚುವಲ್ ಮೆಷಿನ್), ಬ್ಯಾಟರಿ ಸತ್ತ ಮದರ್‌ಬೋರ್ಡ್, ಇಂಥವು ತಿಂಗಳುಗಟ್ಟಲೆ ಹಿಂದೆ ಇರುತ್ತವೆ. ಆಗ ಸರ್ಟಿಫಿಕೇಟ್ ಇನ್ನೂ ಜಾರಿಗೇ ಬಂದಿಲ್ಲ ಅಂತ ಎರರ್ ಬರುತ್ತದೆ.

ಪೋರ್ಟ್ 8140, ಟಿಸಿಪಿ. ಮುಖ್ಯ ಸರ್ವರ್‌ನಲ್ಲಿ ಮಾತ್ರ ತೆರೆದರೆ ಸಾಕು, ಏಜೆಂಟ್ ಕಡೆ ಏನೂ ತೆರೆಯಬೇಕಿಲ್ಲ. ಫೈರ್‌ವಾಲ್ ಕಮಾಂಡ್‌ಗೆ ಪರ್ಮನೆಂಟ್ ಅಂತ ಕೊಟ್ಟ ಮೇಲೆ ರೀಲೋಡ್ ಮರೆಯೋದು ಜಾಸ್ತಿ ಜನ ಮಾಡುವ ತಪ್ಪು. ರೀಲೋಡ್ ಆಗುವ ತನಕ ಆ ನಿಯಮ ಫೈಲಲ್ಲಿ ಮಾತ್ರ ಇರುತ್ತದೆ. ಪರೀಕ್ಷೆ ಮಾಡಲು ಏಜೆಂಟ್ ಮೆಷಿನ್‌ನಿಂದಲೇ ಕರ್ಲ್ ಹೈಫನ್ ಕೆ ಹಾಕಿ, ಸರ್ವರ್‌ನ 8140 ಪೋರ್ಟ್‌ನಲ್ಲಿ ಸ್ಟೇಟಸ್, ವಿ1, ಸಿಂಪಲ್ ಅನ್ನೋ ವಿಳಾಸ ಕೇಳಿ. ರನ್ನಿಂಗ್ ಅಂತ ಒಂದೇ ಪದ ಬಂದರೆ ದಾರಿ ಸರಿಯಾಗಿದೆ, ಸರ್ವರ್ ಎದ್ದಿದೆ. ಪಿಂಗ್ ನೋಡಿ ಸಮಾಧಾನ ಪಡಬೇಡಿ, ಪಿಂಗ್ ಬಂದರೂ ಪೋರ್ಟ್ ಮುಚ್ಚಿರಬಹುದು.

ಈಗ ಮತ್ತೆ ಓಎಸ್ ಹಾಕಿದ ಆ ಮೆಷಿನ್. ನೀವು ಹಾಕಿದ ಎರರ್‌ನಲ್ಲಿ ಸರ್ಟಿಫಿಕೇಟ್ ಪ್ರೈವೇಟ್ ಕೀಗೆ (ಮೆಷಿನ್ ತನ್ನಲ್ಲೇ ಇಟ್ಟುಕೊಳ್ಳುವ ಗುಟ್ಟಿನ ಕೀ) ಹೊಂದುತ್ತಿಲ್ಲ ಅಂತಿದೆ ಅಲ್ವಾ? ಕಾರಣ ಸರಳ. ಓಎಸ್ ಹೊಸದು, ಹಾಗಾಗಿ ಏಜೆಂಟ್ ಹೊಸ ಕೀ ಮಾಡಿಕೊಂಡಿದೆ. ಆದರೆ ಹೆಸರು ಹಳೆಯದೇ. ಆ ಹೆಸರಿಗೆ ಹಿಂದೆ ಸಹಿ ಮಾಡಿದ ಸರ್ಟಿಫಿಕೇಟ್ ಸರ್ವರ್‌ನಲ್ಲಿ ಇನ್ನೂ ಕೂತಿದೆ, ಸರ್ವರ್ ಅದನ್ನೇ ಎತ್ತಿ ಕೊಡುತ್ತಿದೆ. ಹೊಸ ಬೀಗಕ್ಕೆ ಹಳೇ ಬೀಗದ ಕೈ.

ಬಿಡಿಸುವ ಕ್ರಮ ಹೀಗೆ. ಮೊದಲು ಮುಖ್ಯ ಸರ್ವರ್‌ನಲ್ಲಿ ಪಪೆಟ್‌ಸರ್ವರ್ ಸಿಎ ಕ್ಲೀನ್ ಕೊಟ್ಟು ಆ ಮೆಷಿನ್‌ನ ಹೆಸರನ್ನು ಸರ್ಟ್‌ನೇಮ್ ಅಂತ ಹಾಕಿ. ಸಿಎ ಅಂದರೆ ಸರ್ಟಿಫಿಕೇಟ್‌ಗಳಿಗೆ ಸಹಿ ಹಾಕುವ ಭಾಗ. ಹಳೇ ಸರ್ಟಿಫಿಕೇಟ್ ರದ್ದಾಗುತ್ತದೆ. ಆಮೇಲೆ ಏಜೆಂಟ್ ಮೆಷಿನ್‌ಗೆ ಹೋಗಿ ಪಪೆಟ್ ಎಸ್‌ಎಸ್‌ಎಲ್ ಕ್ಲೀನ್. ನಂತರ ಪಪೆಟ್ ಏಜೆಂಟ್ ಟೆಸ್ಟ್ ಓಡಿಸಿದರೆ ಹೊಸ ಕೋರಿಕೆ ಹೋಗುತ್ತದೆ, ಇನ್ನೂ ಸಹಿ ಆಗಿಲ್ಲ ಅಂತ ಹೇಳಿ ನಿಲ್ಲುತ್ತದೆ. ಅದು ಎರರ್ ಅಲ್ಲ, ಗಾಬರಿ ಬೇಡ. ಸರ್ವರ್‌ನಲ್ಲಿ ಪಪೆಟ್‌ಸರ್ವರ್ ಸಿಎ ಲಿಸ್ಟ್ ನೋಡಿ. ಹೆಸರಿನ ಮುಂದೆ ಉದ್ದದ ಫಿಂಗರ್‌ಪ್ರಿಂಟ್ (ಆ ಕೋರಿಕೆಯನ್ನು ಗುರುತಿಸುವ ಅಕ್ಷರ-ಅಂಕಿಗಳ ಸಾಲು) ಕಾಣುತ್ತದೆ. ಏಜೆಂಟ್ ಕಡೆ ಪಪೆಟ್ ಏಜೆಂಟ್ ಫಿಂಗರ್‌ಪ್ರಿಂಟ್ ಕೊಟ್ಟು ಎರಡನ್ನೂ ತಾಳೆ ನೋಡಿ, ಆಮೇಲೆ ಸೈನ್ ಮಾಡಿ. ಬೇಗ ಆಗಲಿ ಅಂತ ಆಟೋಸೈನ್ ಟ್ರೂ ಮಾಡಬೇಡಿ. ಹಾಗೆ ಮಾಡಿದರೆ ಆ ಪೋರ್ಟ್ ಮುಟ್ಟಬಲ್ಲ ಯಾವ ಮೆಷಿನ್‌ಗೆ ಬೇಕಾದರೂ ಸಹಿ ಬೀಳುತ್ತದೆ. ನಿಮ್ಮ ಕಾನ್ಫಿಗರೇಶನ್‌ನಲ್ಲಿರುವ ಪಾಸ್‌ವರ್ಡ್‌ಗಳು ಅದರ ಕೈಗೂ ಹೋಗಬಹುದು.

ಸರ್ಟಿಫಿಕೇಟ್‌ಗಳಿರುವ ಎಸ್‌ಎಸ್‌ಎಲ್ ಫೋಲ್ಡರನ್ನೇ ಅಳಿಸಿಬಿಡಿ ಅನ್ನೋ ಸಲಹೆ ಎಲ್ಲ ಕಡೆ ಸಿಗುತ್ತದೆ. ನಾನೂ ಒಮ್ಮೆ ಅದನ್ನೇ ಮಾಡಿದೆ. ಎರಡು ಟರ್ಮಿನಲ್ ಅಕ್ಕಪಕ್ಕ ತೆರೆದಿತ್ತು, ಎರಡರ ಪ್ರಾಂಪ್ಟ್‌ನಲ್ಲೂ ಹೆಸರಿನ ಮೊದಲ ಭಾಗ ಒಂದೇ. ಏಜೆಂಟ್ ಅಂದುಕೊಂಡು ಮುಖ್ಯ ಸರ್ವರ್‌ನ ಫೋಲ್ಡರ್ ಅಳಿಸಿದೆ. ಆಗಿನ ಆವೃತ್ತಿಯಲ್ಲಿ ಸಿಎ ಕೂಡ ಅದೇ ಫೋಲ್ಡರ್ ಒಳಗೆ ಇರುತ್ತಿತ್ತು. ಬ್ಯಾಕಪ್ ಇರಲಿಲ್ಲ. ಒಂದೊಂದೇ ಮೆಷಿನ್‌ಗೆ ಲಾಗಿನ್ ಆಗಿ ಎಲ್ಲ ಸರ್ಟಿಫಿಕೇಟ್ ಹೊಸದಾಗಿ ಮಾಡುವಷ್ಟರಲ್ಲಿ ಎರಡು ದಿನ ಹೋಯಿತು. ಪಪೆಟ್ 7ರಿಂದ ಹೊಸದಾಗಿ ಹಾಕಿದರೆ ಸಿಎ ಬೇರೆ ಕಡೆ, ಈಟಿಸಿ ಪಪೆಟ್‌ಲ್ಯಾಬ್ಸ್ ಒಳಗಿನ ಪಪೆಟ್‌ಸರ್ವರ್ ಫೋಲ್ಡರ್‌ನಲ್ಲಿ ಇರುತ್ತದೆ. ಆದರೆ ಹಳೇ ಆವೃತ್ತಿಯಿಂದ ಅಪ್‌ಗ್ರೇಡ್ ಆದ ಸರ್ವರ್‌ನಲ್ಲಿ ಅದು ಹಳೇ ಜಾಗದಲ್ಲೇ ಉಳಿದಿರಬಹುದು. ಎಲ್ಲಿದೆ ಅಂತ ಇವತ್ತೇ ನೋಡಿ, ಆ ಫೋಲ್ಡರ್‌ನ ಒಂದು ಪ್ರತಿಯನ್ನು ಬೇರೆ ಮೆಷಿನ್‌ನಲ್ಲಿ ಭದ್ರವಾಗಿಡಿ. ಅಲ್ಲಿಯವರೆಗೆ ಬೇರೇನೂ ಮುಟ್ಟಬೇಡಿ.

ಸಣ್ಣಪುಟ್ಟ ವಿಷಯಗಳು: ಪಪೆಟ್ ಕಮಾಂಡ್ ಸಿಗ್ತಿಲ್ಲ ಅಂದರೆ ಅದು ಆಪ್ಟ್ ಪಪೆಟ್‌ಲ್ಯಾಬ್ಸ್ ಬಿನ್ ಒಳಗಿದೆ, ಲಾಗೌಟ್ ಆಗಿ ಮತ್ತೆ ಬನ್ನಿ. ಸುಡೋ ಜೊತೆ ಸಿಗದಿದ್ದರೆ ಪೂರ್ತಿ ಪಾತ್ ಕೊಡಿ. ಏಜೆಂಟ್ ತನ್ನದೇ ರೂಬಿಯನ್ನು ಜೊತೆಗೇ ತರುತ್ತದೆ, ನೀವು ಬೇರೆ ಹಾಕಬೇಕಿಲ್ಲ. ಪಪೆಟ್ ಸರ್ವರ್ ಜಾವಾ ಮೇಲೆ ಓಡುತ್ತದೆ, ಶುರುವಿಗೇ 2 ಜಿಬಿ ಹೀಪ್ (ಜಾವಾ ಬಳಸುವ ಮೆಮೊರಿ) ಕೇಳುತ್ತದೆ. 2 ಜಿಬಿ ರ್‍ಯಾಮ್‌ನ ಪರೀಕ್ಷಾ ವಿಎಂನಲ್ಲಿ ಎದ್ದೇಳಲ್ಲ ಅಂದರೆ ಸಿಸ್‌ಕಾನ್ಫಿಗ್ ಒಳಗಿನ ಪಪೆಟ್‌ಸರ್ವರ್ ಫೈಲಲ್ಲಿ ಅದನ್ನು ಇಳಿಸಿ. ಎಸ್‌ಇ ಲಿನಕ್ಸ್ (ಲೇಬಲ್ ನೋಡಿ ಫೈಲ್ ಬಳಸಲು ಬಿಡುವ ಭದ್ರತಾ ವ್ಯವಸ್ಥೆ) ಆಫ್ ಮಾಡಬೇಡಿ. ಹೋಮ್‌ನಿಂದ ಫೈಲ್ ಎತ್ತಿ ಈಟಿಸಿಗೆ ಹಾಕಿದ್ದರೆ ಲೇಬಲ್ ತಪ್ಪಿರುತ್ತದೆ, ರಿಸ್ಟೋರ್‌ಕಾನ್ ಓಡಿಸಿದರೆ ಸರಿಯಾಗುತ್ತದೆ.

ಪ್ಯಾಕೇಜ್ ಎಲ್ಲಿಂದ ತರ್ತಿದ್ದೀರಿ ಅನ್ನೋದೂ ಮುಖ್ಯ. 2022ರಲ್ಲಿ ಪರ್‌ಫೋರ್ಸ್ ಪಪೆಟ್ ಕಂಪನಿಯನ್ನು ಕೊಂಡಿತು. 2025ರಿಂದ ಹೊಸ ಪ್ಯಾಕೇಜ್‌ಗಳು ಎಲ್ಲರಿಗೂ ತೆರೆದ ರೆಪೊಗೆ (ಪ್ಯಾಕೇಜ್ ಇಡುವ ಭಂಡಾರ) ಬರುತ್ತಿಲ್ಲ. ಅದಕ್ಕೇ ವಾಕ್ಸ್ ಪ್ಯೂಪುಲಿ ಸಮುದಾಯದವರು ಓಪನ್‌ವಾಕ್ಸ್ ಅಂತ ಮುಕ್ತ ಕವಲು ಶುರು ಮಾಡಿದರು. ಕಮಾಂಡ್‌ಗಳು, ಫೋಲ್ಡರ್‌ಗಳು ಹಾಗೇ ಇವೆ, ಪ್ಯಾಕೇಜ್ ಹೆಸರು ಬೇರೆ. ಹಳೇ ರೆಪೊ ಮೇಲೆ ಕೂತಿದ್ದರೆ ಸೆಕ್ಯುರಿಟಿ ಅಪ್‌ಡೇಟ್ ಬರೋದಿಲ್ಲ. ಯಾವುದಾದರೂ ಒಂದನ್ನು ಆರಿಸಿ, 40 ಮೆಷಿನ್‌ಗೂ ಅದನ್ನೇ ಹಾಕಿ, ಕಲಬೆರಕೆ ಬೇಡ.

ಎಲ್ಲ ಸೇರಿದ ಮೇಲೆ ದಯವಿಟ್ಟು ಮೊದಲ ವಾರ ನೋ-ಆಪ್‌ನಲ್ಲಿ ಬಿಡಿ. ಏಜೆಂಟ್ 30 ನಿಮಿಷಕ್ಕೊಮ್ಮೆ ತಾನಾಗಿ ಬಂದು ನೋಡುತ್ತದೆ. ನೋ-ಆಪ್ ಟ್ರೂ ಇದ್ದರೆ ಏನು ಬದಲಾಯಿಸುತ್ತಿದ್ದೆ ಅಂತ ವರದಿ ಮಾತ್ರ ಕೊಡುತ್ತದೆ, ಏನನ್ನೂ ಮುಟ್ಟುವುದಿಲ್ಲ. ಯಾರೋ ವರ್ಷಗಳ ಹಿಂದೆ ಕೈಯಲ್ಲಿ ತಿದ್ದಿಟ್ಟ ಸೆಟ್ಟಿಂಗ್‌ಗಳಲ್ಲಿ ಪಪೆಟ್ ಕೈಗೆ ಕೊಟ್ಟಿರುವಂಥವು ಆ ವರದಿಯಲ್ಲಿ ಕಾಣುತ್ತವೆ. ಎಸ್‌ಎಸ್‌ಎಚ್ ಸರ್ವರ್‌ನ ಫೈಲನ್ನು ಪಪೆಟ್ ಕೈಗೆ ಕೊಡುವಾಗ ವ್ಯಾಲಿಡೇಟ್ ಕಮಾಂಡ್ ಅನ್ನೋ ಆಯ್ಕೆಯಲ್ಲಿ ಎಸ್‌ಎಸ್‌ಎಚ್‌ಡಿ (ಪೂರ್ತಿ ಪಾತ್ ಸಮೇತ) ಹೈಫನ್ ಟಿ, ಹೈಫನ್ ಎಫ್, ಕೊನೆಗೆ ಹೊಸ ಫೈಲಿನ ಜಾಗದಲ್ಲಿ ಪರ್ಸೆಂಟ್ ಚಿಹ್ನೆ ಹಾಕಿ. ಫೈಲಲ್ಲಿ ತಪ್ಪಿದ್ದರೆ ಪಪೆಟ್ ಅದನ್ನು ಜಾಗಕ್ಕೆ ಇಡುವುದೇ ಇಲ್ಲ. ಇಲ್ಲದಿದ್ದರೆ ಒಂದು ಅಕ್ಷರದ ತಪ್ಪು ಅರ್ಧ ಗಂಟೆಯಲ್ಲಿ 40 ಮೆಷಿನ್‌ಗೂ ಹೋಗಿ ಲಾಗಿನ್ನೇ ಆಗದಂತೆ ಮಾಡಬಲ್ಲದು.

ಆನ್ಸಿಬಲ್ ಬಗ್ಗೆ ಕೇಳಿದ್ದಕ್ಕೆ: ಒಳ್ಳೆಯ ಸಾಧನ, ಏಜೆಂಟ್ ಬೇಡ, ಎಸ್‌ಎಸ್‌ಎಚ್ ಮತ್ತು ಪೈಥಾನ್ ಸಾಕು. ಆದರೆ ನಿಮ್ಮಲ್ಲಿ ರೆಡ್ ಹ್ಯಾಟ್ 8 ಇದೆ. ಅದರ ಸಿಸ್ಟಮ್ ಪೈಥಾನ್ 3.6. ಆನ್ಸಿಬಲ್ ಕೋರ್ 2.17ರಿಂದ ಆಚೆಗೆ 3.6 ಇರುವ ಮೆಷಿನ್‌ಗಳನ್ನು ನಡೆಸುವುದನ್ನು ಬಿಟ್ಟಿದ್ದಾರೆ. ಹೊಸ ಪೈಥಾನ್ ಹಾಕಿಕೊಂಡರೂ ಪ್ಯಾಕೇಜ್ ಹಾಕುವ ಡಿಎನ್‌ಎಫ್ ಮಾಡ್ಯೂಲ್‌ಗೆ ಬೇಕಾದ ಲೈಬ್ರರಿ 3.6ಕ್ಕೇ ಕಟ್ಟಿದೆ. ಅಂದರೆ 2.16ರಲ್ಲೇ ನಿಲ್ಲಬೇಕು, ಇಲ್ಲ ಮೊದಲು 8ನ್ನು ಖಾಲಿ ಮಾಡಬೇಕು. ಯಾರೂ ನೋಡದಿದ್ದಾಗಲೂ ಸೆಟ್ಟಿಂಗ್ ತಪ್ಪದಂತೆ ಕಾಯಬೇಕು ಅನ್ನೋದು ನಿಮ್ಮ ಅಗತ್ಯ ಅಂತ ಪೋಸ್ಟ್‌ನಲ್ಲಿ ಬರೆದಿದ್ದೀರಿ. ಅದಕ್ಕೆ ತಾನಾಗಿ ಬಂದು ನೋಡುವ ಏಜೆಂಟೇ ಸರಿ ಅಂತ ನನ್ನ ಅಭಿಪ್ರಾಯ.

ಇಷ್ಟಾದರೂ ಯಾವುದಾದರೂ ಮೆಷಿನ್ ಸೇರದಿದ್ದರೆ ಹೋಸ್ಟ್‌ನೇಮ್, ಕ್ರೋನಿಸಿ, ಕರ್ಲ್ ಮೂರರ ಔಟ್‌ಪುಟ್ ಇಲ್ಲೇ ಹಾಕಿ, ಜೊತೆಗೆ ಏಜೆಂಟ್ ಟೆಸ್ಟ್‌ನ ಪೂರ್ತಿ ಎರರ್ ಕೂಡ. ನಿಜವಾದ ಹೆಸರು, ಐಪಿ ಬದಲಿಸಿ ಹಾಕಿ. ಸಂಜೆ ಹೊತ್ತಿಗೆ ನೋಡಿ ಹೇಳುತ್ತೇನೆ.