ಇಂಗ್ಲೆಂಡಿನ ಮಹಿಳಾ ಸಂಘ ಸೇರಬಹುದೇ ಎಂದು ಕೇಳಿದ ಬೇಲೂರಿನ ಸೋದರಿಗೆ

ನಮಸ್ಕಾರ. ಬೇಲೂರಿನಿಂದ ಬಂದು ಇಂಗ್ಲೆಂಡಿನ ಸಣ್ಣ ಪಟ್ಟಣವೊಂದರಲ್ಲಿ ಸಂಸಾರ ಹೂಡಿರುವ ನೀವು, ಪತಿ ಕೆಲಸಕ್ಕೆ ಹೋದ ಮೇಲೆ ದಿನವಿಡೀ ಮಾತಿಗೊಬ್ಬರು ಸಿಗುವುದಿಲ್ಲವೆಂದೂ, ಗ್ರಂಥಾಲಯದ ಫಲಕದಲ್ಲಿ ವಿಮೆನ್ಸ್ ಇನ್‌ಸ್ಟಿಟ್ಯೂಟ್ ಎಂಬ ಮಹಿಳಾ ಸಂಘದ ಪ್ರಕಟಣೆ ನೋಡಿದಿರೆಂದೂ ಬರೆದಿದ್ದೀರಿ. ಅದು ಚರ್ಚಿನವರ ಸಂಘವೇ, ನಮ್ಮಂಥವರನ್ನು ಸೇರಿಸಿಕೊಳ್ಳುತ್ತಾರೆಯೇ, ಮೊಟ್ಟೆ ಮುಟ್ಟದವಳು ಅಲ್ಲಿ ಹೋಗಿ ಏನು ಮಾಡಲಿ ಎಂಬುದು ನಿಮ್ಮ ಪ್ರಶ್ನೆ. ನಾನು ಮೂಡಿಗೆರೆಯ ಕಡೆಯವಳು. ಇಲ್ಲಿ ನೆಲೆಸಿ ಬಹಳ ವರ್ಷಗಳಾದವು, ಅಂಥದೊಂದು ಸಂಘದ ಸದಸ್ಯೆಯೂ ಹೌದು. ಖಂಡಿತ ಹೋಗಿ ಎಂದೇ ಹೇಳುತ್ತೇನೆ. ಆದರೆ ಗೆಳತಿಯರನ್ನು ಹುಡುಕಿಕೊಂಡು ಹೋಗಬೇಡಿ, ಕೆಲಸ ಕೇಳಿಕೊಂಡು ಹೋಗಿ.

ನಮ್ಮ ಕಡೆ ಬೀದಿಗೆ ಹೊಸಬರು ಬಂದರೆ ಅಕ್ಕಪಕ್ಕದವರು ತಾವಾಗಿಯೇ ವಿಚಾರಿಸಿಕೊಳ್ಳುತ್ತಾರೆ, ಗೌರಿ ಹಬ್ಬಕ್ಕೆ ಅರಿಶಿನ ಕುಂಕುಮಕ್ಕೆ ಕರೆಯುತ್ತಾರೆ. ಬಳಕೆ ಮೊದಲು, ಜೊತೆಗೂಡಿ ಮಾಡುವ ಕೆಲಸ ಆಮೇಲೆ. ಇಲ್ಲಿ ಈ ಕ್ರಮ ತಿರುಗುಮುರುಗು. ಒಟ್ಟಿಗೆ ಕುರ್ಚಿ ಜೋಡಿಸಿ, ಚಹಾದ ಕಪ್ಪು ತೊಳೆದು, ಬೇಸಿಗೆಯ ಮೇಳದಲ್ಲಿ ಮಳೆಗೆ ನೆನೆಯುತ್ತಾ ಕೇಕು ಮಾರಿದ ಮೇಲೆಯೇ ನಿಮ್ಮ ಮಕ್ಕಳೆಷ್ಟು, ಊರು ಯಾವುದು ಎಂದು ಕೇಳುತ್ತಾರೆ. ಅದನ್ನು ಬಿಗುಮಾನವೆಂದು ತಿಳಿದು ಎರಡನೇ ಸಭೆಗೇ ಹೋಗುವುದನ್ನು ಬಿಟ್ಟ ನಮ್ಮವರನ್ನು ನಾನು ಕಂಡಿದ್ದೇನೆ.

ಚರ್ಚಿನ ಸಭಾಂಗಣವನ್ನು ಬಾಡಿಗೆಗೆ ಪಡೆದು ಸಭೆ ನಡೆಸುವುದುಂಟು, ಆದರೆ ಸಂಘ ಯಾವ ಧರ್ಮಕ್ಕೂ ಪಕ್ಷಕ್ಕೂ ಸೇರಿದ್ದಲ್ಲ. ಇದರ ಮೂಲವೂ ಇಂಗ್ಲೆಂಡಿನದಲ್ಲ. 1897ರಲ್ಲಿ ಕೆನಡಾದ ಒಂಟಾರಿಯೋ ಪ್ರಾಂತ್ಯದ ಸ್ಟೋನಿ ಕ್ರೀಕ್ ಎಂಬಲ್ಲಿ, ತನ್ನ ಎಳೆಗೂಸನ್ನು ಕಳೆದುಕೊಂಡು, ಅದಕ್ಕೆ ಕೆಟ್ಟ ಹಾಲೇ ಕಾರಣವೆಂದು ನಂಬಿದ್ದ ಅಡಿಲೇಡ್ ಹುಡ್‌ಲೆಸ್ ಎಂಬಾಕೆಯ ಪ್ರೇರಣೆಯಿಂದ ರೈತ ಹೆಂಗಸರು ಇದನ್ನು ಕಟ್ಟಿದರು. ಬ್ರಿಟನ್ನಿನ ಮೊದಲ ಶಾಖೆ ತೆರೆದದ್ದು 1915ರಲ್ಲಿ, ವೇಲ್ಸಿನ ಆಂಗ್ಲೆಸಿ ದ್ವೀಪದಲ್ಲಿ. ಆಗ ಮೊದಲ ಮಹಾಯುದ್ಧದ ಕಾಲವಾದ್ದರಿಂದ ಊರೂರಲ್ಲಿ ಆಹಾರ ಬೆಳೆಯುವುದೂ ಉಳಿಸುವುದೂ ಅದರ ಉದ್ದೇಶವಾಗಿತ್ತು. ಎರಡನೇ ಮಹಾಯುದ್ಧದಲ್ಲಿ ಸರ್ಕಾರ ಕೊಟ್ಟ ಸಕ್ಕರೆಯಿಂದ ಇವರು ಹಣ್ಣು ಕೊಳೆಯಗೊಡದೆ ಜಾಮ್ ಮಾಡಿದ್ದರಿಂದ, ಜಾಮಿನ ಹೆಂಗಸರು ಎಂಬ ಹಗುರ ಮಾತು ಇಂದಿಗೂ ಉಳಿದಿದೆ. ಆದರೆ ಪ್ರತಿ ವರ್ಷ ಸದಸ್ಯೆಯರು ಚರ್ಚಿಸಿ ಮತ ಹಾಕಿ ಒಂದು ಸಾರ್ವಜನಿಕ ವಿಷಯವನ್ನು ಕೈಗೆತ್ತಿಕೊಳ್ಳುವುದು ಇವರ ಪದ್ಧತಿ. 1943ರಲ್ಲೇ ಸಮಾನ ವೇತನ ಕೇಳಿದವರು ಇವರು. ಹಳ್ಳಿಗಾಡಿನಲ್ಲಿ ಕಸ ಎಸೆಯುವುದರ ವಿರುದ್ಧ 1954ರಲ್ಲಿ ಮಾಡಿದ ನಿರ್ಣಯದಿಂದ ದೇಶವ್ಯಾಪಿ ಸ್ವಚ್ಛತಾ ಆಂದೋಲನವೇ ಹುಟ್ಟಿತು. 2009ರಲ್ಲಿ ಜೇನುನೊಣಗಳ ಅಳಿವಿನ ಬಗ್ಗೆ ನಿರ್ಣಯ ಮಾಡಿದರು. ಕಾಫಿ ಹೂವರಳಿದಾಗ ಜೇನಿನ ಮೊರೆತ ಕೇಳಿ ಬೆಳೆದ ನಮಗೆ ಈ ಕೊನೆಯದನ್ನು ಯಾರೂ ವಿವರಿಸಬೇಕಾಗಿಲ್ಲ.

ತಿಂಗಳ ಸಭೆಯ ನಡಾವಳಿ ನಿಮಗೆ ಅಪರಿಚಿತವೆನಿಸದು. ನಮ್ಮ ಸ್ತ್ರೀಶಕ್ತಿ ಸಂಘಗಳಂತೆಯೇ ಅಧ್ಯಕ್ಷೆ, ಕಾರ್ಯದರ್ಶಿ, ಖಜಾಂಚಿ, ಹಿಂದಿನ ಸಭೆಯ ವರದಿ ಎಲ್ಲವೂ ಇವೆ. ಉಳಿತಾಯ, ಸಾಲದ ವ್ಯವಹಾರ ಮಾತ್ರವಿಲ್ಲ. ಬಳಿಕ ಯಾರಾದರೊಬ್ಬರ ಉಪನ್ಯಾಸ (ಕೆಲವು ನಿದ್ದೆ ಬರಿಸುತ್ತವೆ), ಆಮೇಲೆ ಚಹಾ, ಕೆಲವೊಮ್ಮೆ ಸಣ್ಣ ಸ್ಪರ್ಧೆ. ಸ್ಪರ್ಧೆಯೆಂದರೆ ಆಟವಲ್ಲ. ಜಾಮಿನ ತೀರ್ಪುಗಾರ್ತಿ ಬಾಟಲಿಯನ್ನು ಬೆಳಕಿಗೆ ಹಿಡಿಯುತ್ತಾರೆ, ಓರೆಮಾಡಿ ಹದ ನೋಡುತ್ತಾರೆ, ಕುತ್ತಿಗೆಯವರೆಗೆ ತುಂಬಿದೆಯೇ ಎಂದು ಪರೀಕ್ಷಿಸುತ್ತಾರೆ. ಮುಚ್ಚಳದ ಮೇಲೆ ಕಂಪನಿಯ ಹೆಸರಿದ್ದರೆ, ಚೀಟಿಯಲ್ಲಿ ಮಾಡಿದ ದಿನಾಂಕವಿಲ್ಲದಿದ್ದರೆ ರುಚಿ ಎಷ್ಟು ಚೆನ್ನಾಗಿದ್ದರೂ ಅಂಕ ಹೋಯಿತು. ಮಿಡಿ ಉಪ್ಪಿನಕಾಯಿಯ ಜಾಡಿಯನ್ನು ಜೋಪಾನ ಮಾಡುವ ನಮ್ಮ ಅತ್ತೆಯಂದಿರಿಗೆ ಈ ತೀರ್ಪುಗಾರ್ತಿ ಬಹಳ ಹಿಡಿಸಿಯಾರು.

ಮೊಟ್ಟೆಯ ಬಗ್ಗೆ ಸಂಕೋಚ ಬೇಡ. ತಿನ್ನುವುದಿಲ್ಲವೆಂದರೆ ಯಾರೂ ಬಲವಂತ ಮಾಡುವುದಿಲ್ಲ. ನೀವೇ ಕೊಬ್ಬರಿ ಮಿಠಾಯಿಯನ್ನೋ ರವೆಉಂಡೆಯನ್ನೋ ಒಯ್ದರೆ ತಟ್ಟೆ ಬೇಗ ಖಾಲಿಯಾಗುತ್ತದೆ. ಆದರೆ ಅಲರ್ಜಿ ತರಬಹುದಾದ 14 ಪದಾರ್ಥಗಳನ್ನು ಇಲ್ಲಿನ ಆಹಾರ ನಿಯಮ ಹೆಸರಿಸುತ್ತದೆ. ಗೋಡಂಬಿ, ಎಳ್ಳು, ಹಾಲು, ಗೋಧಿ ಅದರಲ್ಲಿ ಸೇರಿವೆಯಾದ್ದರಿಂದ ಏನೇನು ಹಾಕಿದ್ದೀರೆಂದು ಚೀಟಿ ಬರೆದು ಇಡಿ. ಇನ್ನು ನೀವು ಕೈಹಾಕುವುದು ಮಕ್ಕಳ ಅಥವಾ ಅಶಕ್ತ ವೃದ್ಧರ ಜೊತೆಗಿನ ಸೇವೆಗಾದರೆ ಡಿಬಿಎಸ್ ಎಂಬ ಹಿನ್ನೆಲೆ ತಪಾಸಣೆ ಕೇಳಬಹುದು. ಸ್ವಯಂಸೇವಕರಿಗೆ ಅದಕ್ಕೆ ಸರ್ಕಾರಿ ಶುಲ್ಕವಿಲ್ಲ, ಆದರೆ ಹಿಂದಿನ 5 ವರ್ಷಗಳ ವಿಳಾಸಗಳನ್ನೆಲ್ಲ ಕೊಡಬೇಕು, ಬೇಲೂರಿನದನ್ನೂ ಸೇರಿಸಿ; ತಿಂಗಳುಗಳನ್ನು ಸರಿಯಾಗಿ ಹೊಂದಿಸಿ ಬರೆದಿಟ್ಟುಕೊಳ್ಳಿ.

ಒಂದು ಮಾತನ್ನು ಮುಚ್ಚಿಡಲಾರೆ: ಹಳ್ಳಿ ಕಡೆಯ ಶಾಖೆಗಳಲ್ಲಿ ಹೆಚ್ಚಿನವರು ನಿವೃತ್ತರು, ನಿಮ್ಮ ವಯಸ್ಸಿನವರು ಸಿಗದಿರಬಹುದು. ಅಂಥ ಸಖ್ಯವೇ ಮುಖ್ಯವೆನಿಸಿದರೆ ಹತ್ತಿರದ ನಗರದಲ್ಲಿ ದುಡಿಯುವ ಹೆಂಗಸರು ಸೇರುವ ಸಂಜೆಯ ಶಾಖೆಯನ್ನು ವಿಚಾರಿಸಿ. ನನಗಂತೂ ಹಿರಿಯರ ಸಂಗವೇ ಲಾಭವಾಯಿತು. ಯಾವ ವೈದ್ಯರು ಕಿವಿಗೊಟ್ಟು ಕೇಳುತ್ತಾರೆ, ಯಾವ ಶಾಲೆಗೆ ಯಾವಾಗ ಅರ್ಜಿ ಹಾಕಬೇಕು ಎಂಬುದೆಲ್ಲ ತಿಳಿದದ್ದು ಅವರಿಂದ.

ಮೊದಲು ಅತಿಥಿಯಾಗಿ ಹೋಗಿ ನೋಡಲು ಅಡ್ಡಿಯಿಲ್ಲ. ಕಾರ್ಯದರ್ಶಿಗೆ ಮುಂಚಿತವಾಗಿ ಒಂದು ಸಾಲು ಬರೆದು, ಸಭೆಗೆ ಸ್ವಲ್ಪ ಮೊದಲೇ ಹೋಗಿ, ಕುರ್ಚಿ ಹಾಕುತ್ತಿರುವವರ ಬಳಿ ನಾನೂ ಕೈಜೋಡಿಸಲೇ ಎಂದು ಕೇಳಿ. ಚಂದಾ ಎಷ್ಟು, ವರ್ಷದ ನಡುವೆ ಸೇರಿದರೆ ಕಡಿಮೆಯಾಗುತ್ತದೆಯೇ ಎಂಬುದನ್ನು ಅಂದೇ ಖಜಾಂಚಿಯ ಬಳಿ ವಿಚಾರಿಸಿಕೊಂಡು ಬನ್ನಿ.