ಫಿಲಿಪೀನ್ಸ್‌ನ ಲೇಖಕ ಅಮಾಡೊ ಹೆರ್ನಾಂಡೆಸ್ ಕಾದಂಬರಿ ಓದೋಕೆ ಅಲ್ಲಿನ ಟಗಾಲಾಗ್ ಭಾಷೆ ಕಲಿಯಬೇಕಾ? ಅದು ಬರೀ ದೇಶಭಕ್ತಿ ಪ್ರಚಾರ ಅಲ್ವಾ?

ಮನಿಲಾದಲ್ಲಿ ಮೆಡಿಕಲ್ ಓದುವಾಗ ನಾನೂ ಹೀಗೇ ಅಂದುಕೊಂಡಿದ್ದೆ. ಸುಮ್ನೆ ಅಂದುಕೊಂಡಿದ್ದರೆ ಪರವಾಗಿರಲಿಲ್ಲ, ಬಾಯಿಬಿಟ್ಟು ಹೇಳಿಬಿಟ್ಟೆ.

ನಾನಿದ್ದ ಮನೆಯ ಒಡತಿ ರಿಟೈರ್ಡ್ ಟೀಚರ್. ತಿತಾ ಅಂತ ಕರೆಯುತ್ತಿದ್ದೆ, ನಾವು ಅತ್ತೆ, ಚಿಕ್ಕಮ್ಮ ಅನ್ನೋ ಹಾಗೆ. ಊರು ನುಯೆವಾ ಎಸಿಹಾ, ಭತ್ತದ ಸೀಮೆ. ನನಗೆ ಟಗಾಲಾಗ್ ಅಷ್ಟಿಷ್ಟು ಬರುತ್ತಿದ್ದದ್ದು ನೋಡಿ 'ಮಂಗಾ ಇಬೊಂಗ್ ಮಂದರಗಿತ್' ಪುಸ್ತಕದ ತಮ್ಮದೇ ಪ್ರತಿ ಕೊಟ್ಟರು. ಹೆರ್ನಾಂಡೆಸ್ ಅವರ 1969ರ ಕಾದಂಬರಿ. 'ಬೇಟೆ ಹಕ್ಕಿಗಳು' ಅಂತ ಅರ್ಥ. ಹಳೇ ಕ್ಯಾಲೆಂಡರ್ ಹಾಳೆಯಲ್ಲಿ ಬೈಂಡ್ ಹಾಕಿದ್ದರು.

ಜಪಾನಿಯರ ವಿರುದ್ಧ ಹೋರಾಡಿದ ಮಾಂಡೊ ಸಮುದ್ರದ ತಳದಿಂದ ನಿಧಿ ತೆಗೆಯುತ್ತಾನೆ. ಅಷ್ಟಕ್ಕೇ ಪುಸ್ತಕ ಮುಚ್ಚಿದೆ. "ಏನ್ ತಿತಾ, ಸಿನಿಮಾ ಥರ ನಿಧಿ ಸಿಗುತ್ತೆ, ಉಳಿದದ್ದೆಲ್ಲ ಭಾಷಣ" ಅಂದೆ. ಅವರು ಮಾತಾಡಲಿಲ್ಲ. ಏಪ್ರನ್ ಅಂಚಿನಿಂದ ಪುಸ್ತಕ ಒರೆಸಿ, ಸಾಂತೋ ನಿನ್ಯೋ, ಅಂದರೆ ಬಾಲಯೇಸುವಿನ ಮೂರ್ತಿಯ ಹಿಂದೆ ಇಟ್ಟರು. ಆಮೇಲೆ ನನಗೆ ಯಾವ ಪುಸ್ತಕವನ್ನೂ ಕೊಡಲಿಲ್ಲ.

ನನ್ನ ತಪ್ಪು ಏನು ಗೊತ್ತಾ? ಫಿಲಿಪೀನ್ಸ್‌ನ ರಾಷ್ಟ್ರನಾಯಕ ಹೋಸೆ ರಿಸಾಲ್ ಬರೆದ 1891ರ ಕಾದಂಬರಿ 'ಎಲ್ ಫಿಲಿಬುಸ್ಟೆರಿಸ್ಮೊ' ಓದಿರಲಿಲ್ಲ. ಅದರ ಕೊನೆಯಲ್ಲಿ ಪಾದ್ರಿ ಫ್ಲೊರೆಂಟಿನೊ, ಸಿಮೂನ್ ಎಂಬ ಬಂಡುಕೋರನ ಒಡವೆ ಪೆಟ್ಟಿಗೆಯನ್ನು ಸಮುದ್ರಕ್ಕೆ ಎಸೆಯುತ್ತಾನೆ. ಒಳ್ಳೆಯ ಕೆಲಸಕ್ಕೆ ಬೇಕಾಗುವ ದಿನದವರೆಗೂ ಅದು ಅಲ್ಲೇ ಇರಲಿ ಅನ್ನುತ್ತಾನೆ. ಮಾಂಡೊ ತೆಗೆದದ್ದು ಅದೇ ನಿಧಿ! ಆ ದುಡ್ಡು ಪತ್ರಿಕೆಗೆ ಹೋಗುತ್ತದೆ. 1956ರ ಕಾನೂನಿನಿಂದಾಗಿ ಅಲ್ಲಿನ ವಿದ್ಯಾರ್ಥಿಗಳು ರಿಸಾಲ್ ಓದಲೇಬೇಕು. ಹಾಗಾಗಿ ಅವರಿಗೆ ಈ ನಿಧಿ ಆಕಸ್ಮಿಕ ಅಲ್ಲ, ಆ ದಿನ ಬಂತು ಅನ್ನೋ ಮಾತು. ನಾನು ಮಾಡಿದ್ದು ದ್ರೌಪದಿ ಮುಡಿ ಬಿಚ್ಚಿದ ಕಥೆ ಗೊತ್ತಿಲ್ಲದೆ ಗದಾಯುದ್ಧ ನೋಡಿ "ಯಾಕಿಷ್ಟು ಸಿಟ್ಟು?" ಅಂದ ಹಾಗೆ.

ಆದ್ದರಿಂದ ಟಗಾಲಾಗ್ ಕಲಿಯೋದು ಆಮೇಲಿನ ಮಾತು. ಇಂಗ್ಲಿಷ್ ಅನುವಾದ ಸಿಗುತ್ತದೆ, ಅದನ್ನೇ ಓದಿ. ಆದರೆ ಮೊದಲು ರಿಸಾಲ್.

'ಪ್ರಚಾರ' ಅನ್ನೋ ಮಾತನ್ನಂತೂ ನಾನು ಒಪ್ಪಲ್ಲ. ಹೆರ್ನಾಂಡೆಸ್ ಕಾರ್ಮಿಕರನ್ನು ಸಂಘಟಿಸಿದವರು. 1951ರಲ್ಲಿ ಬಂಧನವಾಗಿ ಐದು ವರ್ಷಕ್ಕೂ ಜಾಸ್ತಿ ಜೈಲಿನಲ್ಲಿದ್ದರು. ಸುಪ್ರೀಂ ಕೋರ್ಟ್ ಖುಲಾಸೆ ಮಾಡಿದ್ದು 1964ರಲ್ಲಿ. ಅವರ ಕಾದಂಬರಿಯ ಜಮೀನ್ದಾರ ಮೊಂಟೆರೊ ಜಪಾನಿಯರು ಬಂದಾಗ ಅವರ ಜೊತೆ, ಅಮೆರಿಕನ್ನರು ಬಂದಾಗ ಅವರ ಜೊತೆ. 1946ರಲ್ಲಿ ಸ್ವಾತಂತ್ರ್ಯ ಬಂದು ದೇಶದ ಬಾವುಟ ಬದಲಾಯಿತು, ಗದ್ದೆಯ ಧಣಿ ಬದಲಾಗಲಿಲ್ಲ. ನಮ್ಮ ಕಡೆ ಧಣಿಗೆ ಬೆಳೆಯಲ್ಲಿ ಪಾಲು ಕೊಟ್ಟು ಕೋರಿಗೆ ಮಾಡುತ್ತಿದ್ದವರ ಹಾಗೆ ಅಲ್ಲಿ 'ಕಸಮಾ' ಅನ್ನೋ ರೈತರಿದ್ದರು. ಬೆಳೆದ ಭತ್ತ ಯಾರ ಕಣಜಕ್ಕೆ ಹೋಗುತ್ತದೆ ಅಂತ ಕೇಳೋದೇ ಹೆರ್ನಾಂಡೆಸ್ ಅವರ ದೇಶಭಕ್ತಿ.

ಇದನ್ನೆಲ್ಲ ನಾನು ಓದಿದ್ದು ಎರಡು ವರ್ಷ ಕಳೆದ ಮೇಲೆ, ಲೈಬ್ರರಿ ಪ್ರತಿಯಲ್ಲಿ. ಅಷ್ಟರಲ್ಲಿ ತಿತಾ ಕೆನಡಾದಲ್ಲಿದ್ದ ಮಗಳ ಹತ್ತಿರ ಹೋಗಿಬಿಟ್ಟಿದ್ದರು. ಅವರ ಅಪ್ಪ ಕಸಮಾ ಆಗಿದ್ದರು ಅಂತ ಪಕ್ಕದ ಮನೆಯವರು ಹೇಳಿದರು. ಅವರು ಕೊಟ್ಟ ಪ್ರತಿಯ ಕೊನೆಕೊನೆಯ ಪುಟಗಳಲ್ಲಿ ಪೆನ್ಸಿಲ್ ಗೆರೆಗಳಿದ್ದವು. ಪರೀಕ್ಷೆಗೆ ಹಾಕಿದ ಗುರುತು ಇರಬೇಕು ಅಂದುಕೊಂಡಿದ್ದೆ. ಯಾವ ಸಾಲುಗಳ ಕೆಳಗೆ ಅಂತ ನೋಡಲೇ ಇಲ್ಲ.