ಪ್ರೋಗ್ರೆಸ್ ಡೈಲಾಗ್ ತೆರೆದ ಕೂಡಲೇ ಬೆಳ್ಳಗಾಗಿ ನಿಂತುಬಿಡುತ್ತದೆ, ಡೂಈವೆಂಟ್ಸ್ ಹಾಕಿದರೆ ಸರಿಹೋಗುತ್ತದಾ?

ನಮಸ್ಕಾರ. ನೀವು ಬರೆದಿದ್ದು ಇಷ್ಟು: ಸಕಲೇಶಪುರದ ಹತ್ತಿರ ಒಂದು ಕಾಫಿ ಎಸ್ಟೇಟಿಗೆ ಸಿ ಶಾರ್ಪ್ ವಿನ್‌ಫಾರ್ಮ್ಸ್‌ನಲ್ಲಿ (ವಿಂಡೋಸ್ ಪ್ರೋಗ್ರಾಂ ಕಟ್ಟುವ ಸಲಕರಣೆ) ಲೆಕ್ಕದ ಪ್ರೋಗ್ರಾಂ ಮಾಡುತ್ತಿದ್ದೀರಿ. ಕೊಯ್ಲಿನ ತೂಕದ ದಾಖಲೆಗಳನ್ನು ಫೈಲಿನಿಂದ ಎಸ್‌ಕ್ಯೂಲೈಟ್ ಡೇಟಾಬೇಸಿಗೆ ಸೇರಿಸುವಾಗ, ಎಷ್ಟು ಮುಗಿಯಿತು ಅಂತ ತೋರಿಸುವ ಡೈಲಾಗ್ ಬೆಳ್ಳಗಾಗುತ್ತದೆ, ‘ನಾಟ್ ರೆಸ್ಪಾಂಡಿಂಗ್’ ಅಂತ ಬರುತ್ತದೆ, ಕೊನೆಗೆ ಒಮ್ಮೆಲೇ 100ಕ್ಕೆ ಹಾರುತ್ತದೆ. ದಾಖಲೆಗಳನ್ನು ಒಂದೊಂದಾಗಿ ಸೇರಿಸುವ ಲೂಪಿನೊಳಗೆ ಡೂಈವೆಂಟ್ಸ್ ಅನ್ನುವ ಆಜ್ಞೆ ಹಾಕಿಬಿಡು ಅಂತ ಗೆಳೆಯರೊಬ್ಬರು ಹೇಳಿದ್ದಾರೆ.

ದಯವಿಟ್ಟು ಹಾಕಬೇಡಿ. ನಾನು ಹಾಕಿ ಕೆಟ್ಟಿದ್ದೇನೆ.

ನಾನು ಚಿಕ್ಕಮಗಳೂರಿನಲ್ಲಿ ಇದೇ ಥರದ ಕೆಲಸ ಮಾಡುವವನು. ಆಲ್ದೂರಿನ ಕಡೆ ಒಂದು ತೋಟಕ್ಕೆ ಬಟವಾಡೆ ಲೆಕ್ಕದ ಪ್ರೋಗ್ರಾಂ ಬರೆದುಕೊಟ್ಟಿದ್ದೆ. ಶನಿವಾರ ಸಂಜೆ, ಕೊಯ್ಲಿನ ಕಾಲ, ಆಫೀಸಿನ ಹೊರಗೆ ಆಳುಗಳು ಕಾಯುತ್ತಿದ್ದಾರೆ. ರೈಟರ್ (ತೋಟದ ಗುಮಾಸ್ತರು) ಗುಂಡಿ ಒತ್ತಿದರು, ವಿಂಡೋ ಬೆಳ್ಳಗಾಯಿತು. ಎರಡು ನಿಮಿಷ ನೋಡಿ, ಕೆಟ್ಟುಹೋಯಿತು ಅಂದುಕೊಂಡು ಕಂಪ್ಯೂಟರನ್ನೇ ಆಫ್ ಮಾಡಿದರು. ಅರ್ಧ ಜನರ ಲೆಕ್ಕ ಬಿದ್ದಿತ್ತು, ಇನ್ನರ್ಧ ಇಲ್ಲ. ಅವರು ಮಾಡಿದ್ದರಲ್ಲಿ ತಪ್ಪೇನಿದೆ? ಕೆಲಸ ನಡೆಯುತ್ತಿದೆ ಅಂತ ನನ್ನ ಪ್ರೋಗ್ರಾಂ ಅವರಿಗೆ ಹೇಳಲೇ ಇಲ್ಲ. ಮುಂದಿನ ವಾರ ನಾನು ಡೂಈವೆಂಟ್ಸ್ ಸೇರಿಸಿದೆ. ಬಿಳಿ ಬಣ್ಣ ಹೋಯಿತು. ಆದರೆ ಲೆಕ್ಕ ನಡೆಯುವಾಗಲೇ ಅದೇ ಗುಂಡಿ ಮತ್ತೆ ಒತ್ತಲು ಬರುತ್ತಿತ್ತು. ರೈಟರ್ ಇನ್ನೊಮ್ಮೆ ಒತ್ತಿದರು. ಕೆಲವರಿಗೆ ಎರಡು ಸಲ ಕೂಲಿ ಬರೆದುಹೋಯಿತು. ಅವತ್ತು ಚೆಕ್‌ರೋಲ್ (ಆಳುಗಳ ಹಾಜರಿ) ಪುಸ್ತಕ ಹಿಡಿದು ರಾತ್ರಿಯವರೆಗೂ ಒಂದೊಂದೇ ಹೆಸರು ಸರಿಮಾಡಿದೆವು.

ಯಾಕೆ ಹೀಗಾಗುತ್ತದೆ ಅಂದರೆ, ವಿಂಡೋ ಬಿಡಿಸುವುದು, ಮೌಸಿನ ಕ್ಲಿಕ್ ಗಮನಿಸುವುದು, ಎಲ್ಲವೂ ಒಂದೇ ಥ್ರೆಡ್ಡಿನ (ಪ್ರೋಗ್ರಾಮಿನೊಳಗೆ ಒಂದಾದ ಮೇಲೊಂದರಂತೆ ನಡೆಯುವ ಕೆಲಸದ ಸಾಲು) ಕೆಲಸ. ನಿಮ್ಮ ಲೂಪೂ ಅದರ ತಲೆ ಮೇಲೆ ಕೂತಿದೆ. ಆ ಥ್ರೆಡ್ 5 ಸೆಕೆಂಡು ಯಾವ ಸಂದೇಶಕ್ಕೂ ಓಗೊಡದಿದ್ದರೆ ವಿಂಡೋಸ್ ಅದನ್ನು ‘ನಾಟ್ ರೆಸ್ಪಾಂಡಿಂಗ್’ ಎಂದು ಲೆಕ್ಕ ಹಿಡಿಯುತ್ತದೆ. ಡೂಈವೆಂಟ್ಸ್ ಮಾಡುವುದೇನು? ಲೂಪಿನ ನಡುವೆ, ಕಾದಿರುವ ಸಂದೇಶಗಳನ್ನೆಲ್ಲ ಒಳಗೆ ಬಿಡುತ್ತದೆ. ಎರಡನೇ ಕ್ಲಿಕ್ಕೂ ಅದರ ಜೊತೆ ಬರುತ್ತದೆ.

ಡೈಲಾಗಿಗೆ ಕೈ ಹಾಕುವ ಮೊದಲು ಒಂದು ಪ್ರಶ್ನೆ. ಆ ಕೆಲಸ ಅಷ್ಟು ಹೊತ್ತು ಹಿಡಿಯಲೇಬೇಕಾ? ಪ್ರತಿ ದಾಖಲೆಯನ್ನೂ ಬೇರೆ ಬೇರೆಯಾಗಿ ಇನ್ಸರ್ಟ್ ಮಾಡುತ್ತಿದ್ದೀರಿ ಅಂತ ನನ್ನ ಊಹೆ. ಹಾಗೆ ಮಾಡಿದರೆ ಎಸ್‌ಕ್ಯೂಲೈಟ್ ಒಂದೊಂದನ್ನೂ ಒಂದು ಟ್ರಾನ್ಸಾಕ್ಷನ್ (ಆದರೆ ಪೂರ್ತಿ ಆಗಬೇಕು, ಇಲ್ಲವೇ ಏನೂ ಆಗಬಾರದು ಅನ್ನುವ ಕೆಲಸದ ಕಟ್ಟು) ಅಂತಲೇ ನೋಡುತ್ತದೆ. ಅಕ್ಷರ ನಿಜವಾಗಿ ಡಿಸ್ಕಿಗೆ ಬಿತ್ತು ಅಂತ ಖಾತ್ರಿಯಾಗುವವರೆಗೆ ಕಾಯುತ್ತದೆ. ಎಸ್ಟೇಟ್ ಆಫೀಸುಗಳಲ್ಲಿ ಇನ್ನೂ ತಿರುಗುವ ಹಾರ್ಡ್ ಡಿಸ್ಕಿನ ಹಳೇ ಕಂಪ್ಯೂಟರುಗಳೇ ಜಾಸ್ತಿ, ಅಲ್ವಾ? 7200 ಆರ್‌ಪಿಎಂ ಡಿಸ್ಕಿನಲ್ಲಿ ಸೆಕೆಂಡಿಗೆ ಸುಮಾರು 60 ಟ್ರಾನ್ಸಾಕ್ಷನ್ ಆದರೆ ಹೆಚ್ಚು. ಅದೇ ಇನ್ಸರ್ಟುಗಳನ್ನು ಒಂದೇ ಟ್ರಾನ್ಸಾಕ್ಷನ್ನಿನೊಳಗೆ ಹಾಕಿದರೆ ಸೆಕೆಂಡಿಗೆ 50,000 ಕೂಡ ಆಗುತ್ತದೆ ಅಂತ ಎಸ್‌ಕ್ಯೂಲೈಟ್ ಮಾಡಿದವರೇ ಹೇಳುತ್ತಾರೆ. ಮೊದಲು ಇದನ್ನು ಮಾಡಿ ನೋಡಿ. ಡೈಲಾಗೇ ಬೇಡವಾಗಬಹುದು.

ಆಮೇಲೂ ಹೊತ್ತು ಹಿಡಿದರೆ ಕೆಲಸವನ್ನು ಬೇರೆ ಥ್ರೆಡ್ಡಿಗೆ ಕಳಿಸಿ. ನಿಮ್ಮ ಕೋಡಿನಲ್ಲಿ ಶೋಡೈಲಾಗ್ ಕರೆದರೆ ಅದರ ಕೆಳಗಿನ ಸಾಲು ಓಡುವುದೇ ಇಲ್ಲ, ಅದಕ್ಕೇ ಬರೀ ಶೋ ಬಳಸಿದೆ ಅಂದಿದ್ದೀರಿ. ಎಲ್ಲರೂ ಎಡವುವ ಜಾಗ ಅದು. ಶೋಡೈಲಾಗನ್ನೇ ಇಟ್ಟುಕೊಳ್ಳಿ, ಹಿಂದಿನ ವಿಂಡೋದ ಗುಂಡಿಗಳನ್ನು ಯಾರೂ ಒತ್ತದ ಹಾಗೆ ಅದು ತಡೆಯುತ್ತದೆ. ಕೆಲಸವನ್ನು ಡೈಲಾಗಿನ ಶೋನ್ ಈವೆಂಟಿನಲ್ಲಿ, ಅಂದರೆ ಡೈಲಾಗ್ ಮೊದಲು ಕಾಣಿಸಿಕೊಂಡಾಗ ಓಡುವ ಕೋಡಿನಲ್ಲಿ, ಶುರುಮಾಡಿ. ಅಲ್ಲಿ ಕೆಲಸವನ್ನು ಬೇರೆ ಥ್ರೆಡ್ಡಿಗೆ ಕೊಡುವ ಟಾಸ್ಕ್.ರನ್ ಒಳಗೆ ಲೂಪ್ ಇಟ್ಟು, ಮುಂದೆ ಅವೇಟ್ (ವಿಂಡೋವನ್ನು ತಡೆಯದೆ ಕೆಲಸ ಮುಗಿಯಲು ಕಾಯುವ ಪದ) ಹಾಕಿ, ಮುಗಿದ ಮೇಲೆ ಡೈಲಾಗ್ ಮುಚ್ಚಿ. ಸಿ ಶಾರ್ಪ್‌ಗೆ 2012ರಲ್ಲಿ ಅಸಿಂಕ್ ಮತ್ತು ಅವೇಟ್ ಬಂದ ಮೇಲೆ ಇದು ನಾಲ್ಕೈದು ಸಾಲಿನ ಮಾತು. ಹಳೇ ಪ್ರೋಗ್ರಾಮಿನಲ್ಲಿ ಇದೇ ಕೆಲಸದ ಹಳೇ ವಿಧಾನವಾದ ಬ್ಯಾಕ್‌ಗ್ರೌಂಡ್‌ವರ್ಕರ್ ಇದ್ದರೆ ಅದನ್ನು ಕಿತ್ತುಹಾಕುವ ಅಗತ್ಯವಿಲ್ಲ, ಅದೂ ಸರಿಯಾಗೇ ನಡೆಯುತ್ತದೆ.

ಲೂಪಿನೊಳಗಿಂದ ಪ್ರೋಗ್ರೆಸ್ ಬಾರನ್ನು ನೇರವಾಗಿ ಮುಟ್ಟಬೇಡಿ, ಬೇರೆ ಥ್ರೆಡ್ಡಿನಿಂದ ಮುಟ್ಟಿದ್ದಕ್ಕೆ ಎರರ್ ಬರುತ್ತದೆ. ಪ್ರೋಗ್ರೆಸ್ ಅನ್ನುವ ಕ್ಲಾಸ್ ಇದೆ, ಸುದ್ದಿಯನ್ನು ಸರಿಯಾದ ಥ್ರೆಡ್ಡಿಗೆ ಮುಟ್ಟಿಸುವುದು ಅದರ ಕೆಲಸ. ಅದನ್ನು ಟಾಸ್ಕ್.ರನ್ ಒಳಗೆ ಅಲ್ಲ, ಹೊರಗೆ, ಡೈಲಾಗಿನ ಕೋಡಿನಲ್ಲೇ ಹುಟ್ಟಿಸಿ. ಇಲ್ಲದಿದ್ದರೆ ಅದಕ್ಕೆ ಯಾವ ಥ್ರೆಡ್ಡಿಗೆ ಹೇಳಬೇಕೆಂದು ಗೊತ್ತಾಗುವುದಿಲ್ಲ. ಮತ್ತೆ, ಪ್ರತಿ ದಾಖಲೆಗೂ ಸುದ್ದಿ ಕಳಿಸಬೇಡಿ. ಸಾವಿರಾರು ಸಂದೇಶ ಒಟ್ಟಿಗೆ ಬಂದು ಬಿದ್ದರೆ ವಿಂಡೋ ಮತ್ತೆ ಒದ್ದಾಡುತ್ತದೆ. ಸೆಕೆಂಡಿಗೆ ಹತ್ತು ಸಲ ಸಾಕು.

ಈಗ ಡೈಲಾಗಿನಲ್ಲಿ ಏನು ತೋರಿಸಬೇಕು? ನನ್ನ ಮಟ್ಟಿಗೆ ಕೋಡಿಗಿಂತ ದೊಡ್ಡ ವಿಷಯ ಇದು. ಬ್ರಾಡ್ ಮೈಯರ್ಸ್ ಅನ್ನುವ ಕಂಪ್ಯೂಟರ್ ಸಂಶೋಧಕರು 1985ರಲ್ಲೇ ಪರೀಕ್ಷೆ ಮಾಡಿ, ಎಷ್ಟು ಮುಗಿಯಿತು ಅಂತ ಕಾಣುವುದನ್ನೇ ಜನ ಇಷ್ಟಪಡುತ್ತಾರೆ ಅಂತ ಬರೆದಿದ್ದರು. ಕಾಯಲು ರೈಟರಿಗೆ ಬೇಸರವಿಲ್ಲ. ಹೊರಗೆ ನಿಂತವರಿಗೆ ಅವರು ಏನಾದರೂ ಹೇಳಬೇಕಲ್ಲ? ‘55%’ ಅಂದರೆ ಅವರಿಗೆ ಏನೂ ಹೇಳಿದ ಹಾಗಾಗುವುದಿಲ್ಲ. ‘212 ಜನರಲ್ಲಿ 117ನೆಯವರ ಲೆಕ್ಕ ನಡೆಯುತ್ತಿದೆ’ ಅಂತ ಕನ್ನಡದಲ್ಲಿ ಬರೆಯಿರಿ. ಒಟ್ಟು ಎಷ್ಟು ಅಂತ ಮೊದಲೇ ಎಣಿಸಿಕೊಳ್ಳಿ. ಎಣಿಸಲು ಆಗದ ಕೆಲಸವಾದರೆ ಸುಮ್ನೆ ಓಡಾಡುವ ಮಾರ್ಕ್ಯೂ ಬಾರ್ ಹಾಕಿ. ಟೈಮರ್ ಇಟ್ಟು ಸುಳ್ಳು ಶೇಕಡಾ ಏರಿಸುವವರನ್ನು ನೋಡಿದ್ದೇನೆ. ಅದು 99ಕ್ಕೆ ಬಂದು ನಿಲ್ಲುತ್ತದೆ, ಆಮೇಲೆ ಆ ಪ್ರೋಗ್ರಾಮಿನ ಯಾವ ಅಂಕಿಯನ್ನೂ ಜನ ನಂಬುವುದಿಲ್ಲ.

ಕ್ಷಣದಲ್ಲಿ ಮುಗಿಯುವ ಕೆಲಸಕ್ಕೆ ಡೈಲಾಗ್ ಮಿಂಚಿ ಮಾಯವಾದರೆ, ಏನೋ ಎರರ್ ಬಂತು ಅಂತ ಜನ ಗಾಬರಿಯಾಗುತ್ತಾರೆ. ವಿನ್‌ಫಾರ್ಮ್ಸ್ ಥರದ್ದೇ ಇನ್ನೊಂದು ಸಲಕರಣೆಯಾದ ಕ್ಯೂಟಿಯಲ್ಲಿರುವ ಪ್ರೋಗ್ರೆಸ್ ಡೈಲಾಗ್, ಕೆಲಸ 4 ಸೆಕೆಂಡಿಗಿಂತ ಹೆಚ್ಚು ಹಿಡಿಯುತ್ತದೆ ಅನ್ನಿಸಿದರೆ ಮಾತ್ರ ಕಾಣಿಸಿಕೊಳ್ಳುತ್ತದೆ. ಜಾವಾ ಸ್ವಿಂಗಿನ ಪ್ರೋಗ್ರೆಸ್‌ಮಾನಿಟರ್ ಇದನ್ನೇ 2 ಸೆಕೆಂಡಿಗೆ ಇಟ್ಟಿದೆ. ವಿನ್‌ಫಾರ್ಮ್ಸ್‌ನಲ್ಲಿ ಈ ಸೌಕರ್ಯ ಇಲ್ಲ, ನೀವೇ ಮಾಡಿಕೊಳ್ಳಬೇಕು.

ನಿಲ್ಲಿಸುವ ಗುಂಡಿ ಖಂಡಿತ ಇರಲಿ, ಆದರೆ ಅದು ನಿಜವಾಗಿ ನಿಲ್ಲಿಸಬೇಕು. ಕ್ಯಾನ್ಸಲೇಶನ್‌ಟೋಕನ್ (ನಿಲ್ಲಿಸು ಅನ್ನುವ ಸೂಚನೆ ಒಯ್ಯುವುದು) ಕೊಟ್ಟು, ಲೂಪಿನ ಪ್ರತಿ ಸುತ್ತಿನಲ್ಲೂ ಅದನ್ನು ನೋಡಿ. ಒತ್ತಿದ ಕೂಡಲೇ ಗುಂಡಿಯ ಮೇಲೆ ‘ನಿಲ್ಲಿಸುತ್ತಿದೆ’ ಅಂತ ಬರಲಿ, ಇನ್ನೊಮ್ಮೆ ಒತ್ತಲು ಬಾರದಿರಲಿ. ಆಮೇಲೆ ಟ್ರಾನ್ಸಾಕ್ಷನ್ ರೋಲ್‌ಬ್ಯಾಕ್ ಮಾಡಿ, ‘ಯಾವ ಲೆಕ್ಕವೂ ಸೇರಿಲ್ಲ, ಮೊದಲಿನಂತೆಯೇ ಇದೆ’ ಅಂತ ಬಾಯಿಬಿಟ್ಟು ಹೇಳಿ. ನನ್ನ ಆ ಶನಿವಾರ ಇಷ್ಟಿದ್ದಿದ್ದರೆ ಕರೆಂಟ್ ಹೋದರೂ ಅರ್ಧಂಬರ್ಧ ಬಟವಾಡೆ ಆಗುತ್ತಿರಲಿಲ್ಲ. ಮೇಲಿನ ಮೂಲೆಯ ಎಕ್ಸ್ ಗುರುತನ್ನೂ ಮರೆಯಬೇಡಿ. ವಿಂಡೋ ಮುಚ್ಚುವ ಮುಂಚೆ ಓಡುವ ಫಾರ್ಮ್‌ಕ್ಲೋಸಿಂಗ್ ಈವೆಂಟಿನಲ್ಲಿ ಅದನ್ನು ತಡೆದು, ನಿಲ್ಲಿಸುವ ಗುಂಡಿ ಒತ್ತಿದ ಹಾಗೆಯೇ ನಡೆಸಿ. ಇಲ್ಲದಿದ್ದರೆ ಡೈಲಾಗ್ ಹೋಗಿರುತ್ತದೆ, ಕೆಲಸ ಹಿಂದೆ ಓಡುತ್ತಲೇ ಇರುತ್ತದೆ.

ನಿಮ್ಮ ಹೊಸ ಲ್ಯಾಪ್‌ಟಾಪಿನಲ್ಲಿ ಇದ್ಯಾವುದೂ ಗೊತ್ತಾಗುವುದಿಲ್ಲ, ಎಲ್ಲ ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿದಿರುತ್ತದೆ. ಪರೀಕ್ಷೆ ಮಾಡುವಾಗ ಲೂಪಿನ ಪ್ರತಿ ಸುತ್ತಿಗೂ 20 ಮಿಲಿಸೆಕೆಂಡಿನ ಸ್ಲೀಪ್ ಹಾಕಿ, ಡೈಲಾಗನ್ನು ಎಳೆದಾಡಿ, ನಡುವೆ ನಿಲ್ಲಿಸಿ, ಎಕ್ಸ್ ಒತ್ತಿ ನೋಡಿ. ಆಮೇಲೆ ಸ್ಲೀಪ್ ತೆಗೆದು ಎಸ್ಟೇಟಿನ ಕಂಪ್ಯೂಟರಿನಲ್ಲೇ ರೈಟರ್ ಕೈಯಲ್ಲಿ ಒಮ್ಮೆ ಒತ್ತಿಸಿ, ಬಟವಾಡೆ ಇಲ್ಲದ ದಿನ. ಅಷ್ಟಾದರೂ ಬೆಳ್ಳಗಾದರೆ ಶೋನ್ ಈವೆಂಟಿನ ಕೋಡನ್ನು ಇಲ್ಲಿ ಹಾಕಿ, ನೋಡಿ ಹೇಳುತ್ತೇನೆ.